ಲಿಂಕ್ ಕೊಟ್ಟ ಫೈಲೇ ಬಂತೇ? ಹ್ಯಾಶ್ ಹಾಕಿ ನೋಡುವ ಬಗೆ

2018ರ ಫೆಬ್ರವರಿ 11ರಂದು ಬ್ರಿಟನ್ನಿನ ಹಲವು ಸರ್ಕಾರಿ ಜಾಲತಾಣಗಳನ್ನು ತೆರೆದವರ ಕಂಪ್ಯೂಟರುಗಳು, ಅವರಿಗೆ ಸುಳಿವೇ ಇಲ್ಲದಂತೆ, ಕ್ರಿಪ್ಟೊ ನಾಣ್ಯದ ಗಣಿಗಾರಿಕೆಗೆ ದುಡಿಯತೊಡಗಿದವು. ಆ ತಾಣಗಳ ಸರ್ವರುಗಳಿಗೆ ಯಾರೂ ಕನ್ನ ಹಾಕಿರಲಿಲ್ಲ. ಓದಲು ತೊಂದರೆಯಿರುವವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಬ್ರೌಸ್‌ಅಲೌಡ್ ಎಂಬ ಸೌಲಭ್ಯಕ್ಕಾಗಿ ಅವೆಲ್ಲ ಹೊರಗಿನ ಒಂದು ಸ್ಕ್ರಿಪ್ಟ್ ಫೈಲಿಗೆ ಲಿಂಕ್ ಕೊಟ್ಟಿದ್ದವು. ಯಾರೋ ಆ ಒಂದು ಫೈಲನ್ನು ತಿದ್ದಿದರು. ನಾಲ್ಕು ಸಾವಿರಕ್ಕೂ ಹೆಚ್ಚು ತಾಣಗಳು ಒಟ್ಟಿಗೇ ಕೆಟ್ಟವು. ಜನರ ಖಾಸಗಿ ಮಾಹಿತಿಯ ರಕ್ಷಣೆಯನ್ನು ನೋಡಿಕೊಳ್ಳುವ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯ ತಾಣವೂ ಅವುಗಳಲ್ಲಿ ಒಂದು.

ಎಚ್‌ಟಿಟಿಪಿಎಸ್ ಇದ್ದರೆ ಸಾಲದೇ ಎಂದು ಕೇಳುವವರು ಇದನ್ನು ಗಮನಿಸಬೇಕು. ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು ಮಾತ್ರ. ಆ ಸರ್ವರ್ ಕೊಟ್ಟದ್ದೇ ನಿಮಗೆ ತಲುಪಿತು ಎಂಬುದಕ್ಕೆ ಅದು ಖಾತರಿ. ಸರ್ವರಿನೊಳಗೇ ಫೈಲ್ ಬದಲಾಗಿದ್ದರೆ ಬದಲಾದ ಫೈಲನ್ನೇ ಅದು ಅಷ್ಟೇ ಜೋಪಾನವಾಗಿ ತಂದು ಕೊಡುತ್ತದೆ. ನಿನ್ನೆ ನಾನು ನೋಡಿ ಒಪ್ಪಿದ ಫೈಲೇ ಇವತ್ತೂ ಬಂದಿದೆಯೇ ಎಂದು ತಿಳಿಯಲು ಹ್ಯಾಶ್ ಬೇಕು, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಒಂದು ಗುರುತಿನ ಸಾಲು.

ಈ ಬರಹದಲ್ಲಿ ಎರಡು ಬಗೆಯ ಲಿಂಕ್‌ಗಳಿವೆ. ಒಂದು, ಓದುಗ ಒತ್ತಿ ಇಳಿಸಿಕೊಳ್ಳುವ ಫೈಲ್. ಅದನ್ನು ಪರೀಕ್ಷಿಸಬೇಕಾದವನು ಆ ಮನುಷ್ಯನೇ. ಇನ್ನೊಂದು, ಪುಟ ತೆರೆದಾಗ ಬ್ರೌಸರ್ ತಾನಾಗಿ ಎಳೆದುಕೊಳ್ಳುವ ಸ್ಕ್ರಿಪ್ಟ್ ಮತ್ತು ಸ್ಟೈಲ್‌ಶೀಟ್. ಅವನ್ನು ಬ್ರೌಸರೇ ಪರೀಕ್ಷಿಸುತ್ತದೆ, ನೀವು ಹೇಳಿಟ್ಟಿದ್ದರೆ ಮಾತ್ರ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ. ಶಾ ಎಂದಲ್ಲೆಲ್ಲ ಎಸ್, ಎಚ್, ಎ ಎಂಬ ಮೂರು ಅಕ್ಷರಗಳು.

ಮೊದಲು ಹ್ಯಾಶ್‌ನ ಗುರುತು ಹಿಡಿಯಿರಿ

ಫೈಲಿನ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ಹಾಕಿ ತೆಗೆದ, ನಿಗದಿತ ಉದ್ದದ ಒಂದು ಸಾಲೇ ಹ್ಯಾಶ್. ಫೈಲ್ ಒಂದು ಕಿಲೋಬೈಟ್ ಇದ್ದರೂ ನಾಲ್ಕು ಗಿಗಾಬೈಟ್ ಇದ್ದರೂ ಶಾ-256 ಎಂಬ ಹ್ಯಾಶ್ ವಿಧಾನ ಕೊಡುವುದು 256 ಬಿಟ್ ಅಷ್ಟೇ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಸಾಲನ್ನು ಇಟ್ಟುಕೊಂಡು ಅದಕ್ಕೆ ಹೊಂದುವ ಬೇರೊಂದು ಫೈಲ್ ಕಟ್ಟುವುದು ಇವತ್ತಿನ ಯಾವ ಕಂಪ್ಯೂಟರಿಗೂ ಆಗದ ಕೆಲಸ.

ನಿಮ್ಮ ಮುಂದಿರುವುದು ಯಾವ ಹ್ಯಾಶ್ ಎಂದು ಉದ್ದ ಎಣಿಸಿದರೆ ತಿಳಿಯುತ್ತದೆ. ಹದಿನಾರರ ಎಣಿಕೆಯಲ್ಲಿ, ಅಂದರೆ 0ಯಿಂದ 9 ಮತ್ತು ಎಯಿಂದ ಎಫ್‌ವರೆಗಿನ ಚಿಹ್ನೆಗಳಲ್ಲಿ ಬರೆದಿದ್ದರೆ, ಎಂಡಿ5ಗೆ 32 ಚಿಹ್ನೆ, ಶಾ-1ಕ್ಕೆ 40, ಶಾ-256ಕ್ಕೆ 64, ಶಾ-384ಕ್ಕೆ 96, ಶಾ-512ಕ್ಕೆ 128. ಅದೇ ಹ್ಯಾಶನ್ನು ಬೇಸ್64 ಎಂಬ ಬರವಣಿಗೆಯಲ್ಲಿ ಕೊಟ್ಟಿದ್ದರೆ ಶಾ-256ಕ್ಕೆ 44, ಶಾ-384ಕ್ಕೆ 64, ಶಾ-512ಕ್ಕೆ 88.

ಇಲ್ಲೊಂದು ಕೊಕ್ಕೆ ಇದೆ. 64 ಚಿಹ್ನೆಯ ಸಾಲು ಕಂಡ ಕೂಡಲೇ ಶಾ-256 ಎಂದುಕೊಳ್ಳುವುದು ರೂಢಿ. ಆದರೆ ಬೇಸ್64ರಲ್ಲಿ ಬರೆದ ಶಾ-384 ಕೂಡ ಸರಿಯಾಗಿ 64 ಚಿಹ್ನೆಯೇ. ದೊಡ್ಡ ಅಕ್ಷರ ಸಣ್ಣ ಅಕ್ಷರ ಎರಡೂ ಬೆರೆತಿದ್ದು, ನಡುವೆ ಕೂಡು ಚಿಹ್ನೆಯೋ ಓರೆ ಗೆರೆಯೋ ಇದ್ದರೆ ಅದು ಬೇಸ್64. ಈ ವ್ಯತ್ಯಾಸ ಹೋಲಿಸುವಾಗ ಮುಖ್ಯವಾಗುತ್ತದೆ: ಹದಿನಾರರ ಎಣಿಕೆಯಲ್ಲಿ ದೊಡ್ಡ ಎ ಸಣ್ಣ ಎ ಎರಡೂ ಒಂದೇ, ಬೇಸ್64ರಲ್ಲಿ ಅವು ಬೇರೆ ಬೇರೆ.

ಎಂಡಿ5 ಮತ್ತು ಶಾ-1 ಮಾತ್ರ ಕೊಟ್ಟಿರುವ ತಾಣಗಳು ಇನ್ನೂ ಸಿಗುತ್ತವೆ. ಒಂದೇ ಎಂಡಿ5 ಬರುವ ಎರಡು ಬೇರೆ ಬೇರೆ ಫೈಲುಗಳನ್ನು ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಜೊತೆಗಾರರು 2004ರಲ್ಲೇ ಕಟ್ಟಿ ತೋರಿಸಿದ್ದರು. 2012ರಲ್ಲಿ ಬಯಲಾದ ಫ್ಲೇಮ್ ಎಂಬ ಕುತಂತ್ರಾಂಶ ಇದೇ ದೌರ್ಬಲ್ಯ ಬಳಸಿ ಮೈಕ್ರೋಸಾಫ್ಟ್‌ನ ಸಹಿಯನ್ನೇ ನಕಲು ಮಾಡಿತ್ತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಮತ್ತು ಗೂಗಲ್‌ನವರು ಒಂದೇ ಶಾ-1 ಇರುವ ಎರಡು ಪಿಡಿಎಫ್‌ಗಳನ್ನು ಹೊರತಂದರು. ಹಾಗೆಂದು ಎಂಡಿ5 ಪೂರ್ತಿ ನಿಷ್ಪ್ರಯೋಜಕವೇನಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತು ಫೈಲ್ ಕೆಟ್ಟಿದೆಯೇ ಎಂದು ನೋಡಲು ಅದು ಧಾರಾಳವಾಗಿ ಸಾಕು. ಉದ್ದೇಶಪೂರ್ವಕವಾಗಿ ಮೋಸ ಮಾಡುವವರ ಎದುರು ಮಾತ್ರ ನೆಚ್ಚಬೇಡಿ.

ಇಳಿಸಿಕೊಂಡ ಫೈಲಿನ ಪರೀಕ್ಷೆ

ಲಿನಕ್ಸ್‌ನಲ್ಲಿ ಫೈಲ್ ಇರುವ ಫೋಲ್ಡರಿಗೆ ಹೋಗಿ ಶಾ256ಸಮ್ ಎಂದು ಹೊಡೆದು, ಒಂದು ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಮ್ಯಾಕ್‌ನಲ್ಲಿ ಆಜ್ಞೆ ಶಾಸಮ್. ಅದಕ್ಕೆ ಅಡ್ಡಗೆರೆ ಎ ಹಾಕಿ 256 ಎಂದು ಹೇಳಲೇಬೇಕು, ಇಲ್ಲದಿದ್ದರೆ ಅದು ಶಾ-1 ಕೊಟ್ಟು ಸುಮ್ಮನಾಗುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂದು ಹೊಡೆದು ಹೆಸರು ಕೊಟ್ಟರೆ ಸಾಕು, ಬೇರೆ ಹೇಳದಿದ್ದರೆ ಅದು ಶಾ-256ನ್ನೇ ಲೆಕ್ಕ ಹಾಕುತ್ತದೆ. ಹಳೆಯ ಕಮಾಂಡ್ ಪ್ರಾಂಪ್ಟ್ ಅಭ್ಯಾಸವಿದ್ದವರಿಗೆ ಸರ್ಟ್‌ಯುಟಿಲ್ ಇದೆ: ಅಡ್ಡಗೆರೆ ಹ್ಯಾಶ್‌ಫೈಲ್, ಫೈಲಿನ ಹೆಸರು, ಕೊನೆಗೆ ಶಾ256. ಆ ಕೊನೆಯ ಪದ ಬಿಟ್ಟರೆ ಇಲ್ಲೂ ಶಾ-1 ಬರುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಸರ್ಟ್‌ಯುಟಿಲ್ ಪ್ರತಿ ಎರಡು ಚಿಹ್ನೆಗೆ ಒಂದು ಜಾಗ ಬಿಟ್ಟು ತೋರಿಸುತ್ತದೆ. ಹೋಲಿಸುವ ಮೊದಲು ಆ ಜಾಗಗಳನ್ನು ತೆಗೆಯಿರಿ.

ಹ್ಯಾಶ್ ಬಂತು. ಈಗ ಹೋಲಿಸಬೇಕು. ಹೆಚ್ಚಿನವರು ಮೊದಲ ನಾಲ್ಕು, ಕೊನೆಯ ನಾಲ್ಕು ಚಿಹ್ನೆ ನೋಡಿ ಸರಿ ಎಂದುಬಿಡುತ್ತಾರೆ. ಎಂಟು ಚಿಹ್ನೆ ಎಂದರೆ 32 ಬಿಟ್. ಸುಮಾರು 430 ಕೋಟಿ ಸಲ ಫೈಲಿನ ಮೂಲೆಯಲ್ಲಿನ ಕೆಲವು ಬೇಡದ ಬೈಟುಗಳನ್ನು ಬದಲಿಸಿ ನೋಡಿದರೆ ಆ ಎಂಟು ಚಿಹ್ನೆ ಹೊಂದುವ ನಕಲಿ ಸಿಕ್ಕಿಬಿಡಬಹುದು, ಸಾಧಾರಣ ಕಂಪ್ಯೂಟರಿಗೂ ಇದು ಅಸಾಧ್ಯವಲ್ಲ. ಪೂರ್ತಿ 64 ಚಿಹ್ನೆಯ ಮಾತೇ ಬೇರೆ. ಕಣ್ಣಿಗೆ ಆ ಕೆಲಸ ಕೊಡಬೇಡಿ, ಯಂತ್ರಕ್ಕೆ ಕೊಡಿ.

ಲಿನಕ್ಸ್ ವಿತರಣೆಗಳು ಸಾಮಾನ್ಯವಾಗಿ ಶಾ256ಸಮ್ಸ್ ಎಂಬ ಹೆಸರಿನ ಪಠ್ಯ ಫೈಲನ್ನೂ ಇಟ್ಟಿರುತ್ತವೆ. ಅದರ ಪ್ರತಿ ಸಾಲಿನಲ್ಲೂ ಒಂದು ಹ್ಯಾಶ್, ಎರಡು ಅಕ್ಷರದಷ್ಟು ಜಾಗ, ಒಂದು ಫೈಲಿನ ಹೆಸರು. ಅದನ್ನೂ ಅದೇ ಫೋಲ್ಡರಿಗೆ ಇಳಿಸಿ, ಶಾ256ಸಮ್ ಆಜ್ಞೆಗೆ ಅಡ್ಡಗೆರೆ ಸಿ ಸೇರಿಸಿ ಆ ಪಟ್ಟಿಯ ಹೆಸರು ಕೊಡಿ. ಹೊಂದಿದರೆ ಫೈಲಿನ ಹೆಸರಿನ ಮುಂದೆ ಓಕೆ ಎಂದು, ಇಲ್ಲದಿದ್ದರೆ ಫೇಲ್ಡ್ ಎಂದು ಬರುತ್ತದೆ. ಪಟ್ಟಿಯಲ್ಲಿ ಹತ್ತು ಫೈಲಿದ್ದು ನೀವು ಒಂದನ್ನೇ ಇಳಿಸಿದ್ದರೆ ಉಳಿದ ಒಂಬತ್ತು ಸಿಗಲಿಲ್ಲ ಎಂದು ಅದು ರಂಪ ಮಾಡುತ್ತದೆ. ಎರಡು ಅಡ್ಡಗೆರೆ ಹಾಕಿ ಇಗ್ನೋರ್-ಮಿಸ್ಸಿಂಗ್ ಎಂದರೆ ಸುಮ್ಮನಾಗುತ್ತದೆ. ಪವರ್‌ಶೆಲ್‌ನಲ್ಲಾದರೆ ಬಂದ ಹ್ಯಾಶ್ ಮತ್ತು ತಾಣದಲ್ಲಿದ್ದ ಹ್ಯಾಶ್ ಎರಡನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು ನಡುವೆ ಅಡ್ಡಗೆರೆ ಇಕ್ಯೂ ಹಾಕಿ, ಉತ್ತರ ಟ್ರೂ ಅಥವಾ ಫಾಲ್ಸ್. ದೊಡ್ಡ ಅಕ್ಷರ ಸಣ್ಣ ಅಕ್ಷರದ ಭೇದವನ್ನು ಅದು ನೋಡುವುದಿಲ್ಲ, ಹಾಗಾಗಿ ಹದಿನಾರರ ಎಣಿಕೆಗೆ ಹೇಳಿ ಮಾಡಿಸಿದಂತಿದೆ. ಬೇಸ್64 ಹೋಲಿಸಲು ಅದನ್ನು ಬಳಸಬೇಡಿ.

ಆ ಹ್ಯಾಶ್ ಎಲ್ಲಿಂದ ಬಂತು?

ಆಜ್ಞೆ ಕಲಿಯಲು ಐದು ನಿಮಿಷ ಸಾಕು. ಹೋಲಿಸುವ ಹ್ಯಾಶನ್ನು ಎಲ್ಲಿಂದ ತಂದಿರಿ ಎಂಬುದರ ಮೇಲೆ ಇಡೀ ಪರೀಕ್ಷೆಯ ಬೆಲೆ ನಿಂತಿದೆ, ಮತ್ತು ಬಹಳಷ್ಟು ಮಾರ್ಗದರ್ಶಿಗಳು ಹಾರಿಸಿಬಿಡುವುದು ಇದನ್ನೇ.

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಬದಲಿಸಿ, ಹಿಂಬಾಗಿಲು ಇಟ್ಟ ಬೇರೊಂದು ಐಎಸ್‌ಒ ಫೈಲಿಗೆ, ಅಂದರೆ ಇಡೀ ವ್ಯವಸ್ಥೆಯನ್ನು ಸ್ಥಾಪಿಸುವ ಫೈಲಿಗೆ, ತಿರುಗಿಸಿದ್ದರು. ಲಿಂಕನ್ನು ಬದಲಿಸುವ ಅಧಿಕಾರ ಯಾರ ಕೈಗೆ ಸಿಕ್ಕಿತೋ ಅವರಿಗೆ ಅದರ ಕೆಳಗೆ ಬರೆದ ಹ್ಯಾಶ್ ಬದಲಿಸುವುದು ಎಷ್ಟರ ಕೆಲಸ? ಫೈಲ್ ಮತ್ತು ಹ್ಯಾಶ್ ಒಂದೇ ಪುಟದಲ್ಲಿ, ಒಂದೇ ಸರ್ವರಿನಲ್ಲಿ ಇದ್ದರೆ ಆ ಹ್ಯಾಶ್ ಡೌನ್‌ಲೋಡ್ ಕೆಟ್ಟಿಲ್ಲ ಎಂಬುದನ್ನಷ್ಟೇ ಹೇಳಬಲ್ಲದು.

ಹಾಗಾಗಿ ಹ್ಯಾಶ್ ಬೇರೆ ದಾರಿಯಿಂದ ಬರಬೇಕು. ಫೈಲ್ ಒಂದು ಮಿರರ್ ಸರ್ವರಿನಲ್ಲಿದ್ದು (ಮೂಲ ತಾಣದ ಫೈಲುಗಳ ಪ್ರತಿ ಇಟ್ಟು ಹಂಚುವ ಬೇರೆ ಸರ್ವರ್) ಹ್ಯಾಶ್ ಮೂಲ ಯೋಜನೆಯ ತಾಣದಲ್ಲಿದ್ದರೆ ಸ್ವಲ್ಪ ಧೈರ್ಯ. ಬಿಡುಗಡೆಯಾದ ದಿನವೇ ನೀವು ಬರೆದಿಟ್ಟುಕೊಂಡದ್ದಿದ್ದರೆ ಇನ್ನೂ ಒಳ್ಳೆಯದು. ಹ್ಯಾಶ್ ಪಟ್ಟಿಗೆ ಡಿಜಿಟಲ್ ಸಹಿ ಇದ್ದರೆ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಸಹಿ ಹಾಕುವ ಗುಟ್ಟಿನ ಕೀಲಿ ಸಾಮಾನ್ಯವಾಗಿ ಆ ಸರ್ವರಿನಲ್ಲಿ ಇರುವುದಿಲ್ಲ.

ಸಹಿಯ ಪರೀಕ್ಷೆ ಹೀಗೆ. ಉಬುಂಟು ಶಾ256ಸಮ್ಸ್ ಪಟ್ಟಿಯ ಜೊತೆ ಅದೇ ಹೆಸರಿಗೆ ಚುಕ್ಕೆ ಜಿಪಿಜಿ ಸೇರಿಸಿದ ಸಹಿ ಫೈಲನ್ನೂ ಇಡುತ್ತದೆ. ಡೆಬಿಯನ್‌ನಲ್ಲಿ ಅದು ಚುಕ್ಕೆ ಸೈನ್. ಎರಡನ್ನೂ ಇಳಿಸಿ, ಸಹಿ ಪರೀಕ್ಷಿಸುವ ತಂತ್ರಾಂಶವಾದ ಜಿಪಿಜಿಯ ಆಜ್ಞೆಗೆ ಎರಡು ಅಡ್ಡಗೆರೆ ವೆರಿಫೈ ಸೇರಿಸಿ ಮೊದಲು ಸಹಿ ಫೈಲ್, ನಂತರ ಪಟ್ಟಿ ಕೊಡಿ. ಮೊದಲ ಸಲ ಸಾರ್ವಜನಿಕ ಕೀಲಿ ಇಲ್ಲ ಎಂದು ಹೇಳಿ ಅದರ ಗುರುತನ್ನು ತೋರಿಸುತ್ತದೆ. ಆ ಕೀಲಿಯನ್ನು ತರಿಸಿಕೊಂಡ ಮೇಲೆ ಗುಡ್ ಸಿಗ್ನೇಚರ್ ಎಂದು ಬರುತ್ತದೆ, ಅದರ ಕೆಳಗೇ ಈ ಕೀಲಿ ನಂಬಿಕಸ್ಥ ಸಹಿಯಿಂದ ದೃಢೀಕೃತವಾಗಿಲ್ಲ ಎಂಬ ಎಚ್ಚರಿಕೆಯೂ. ಆ ಎಚ್ಚರಿಕೆ ಕಂಡು ಗಾಬರಿಯಾಗಬೇಡಿ, ಹಾಗೆಂದು ಕಡೆಗಣಿಸಲೂಬೇಡಿ. ಗಣಿತ ಸರಿಯಿದೆ, ಆದರೆ ಕೀಲಿ ಯಾರದ್ದೆಂದು ನನಗೆ ತಿಳಿಯದು ಎಂದು ಜಿಪಿಜಿ ಪ್ರಾಮಾಣಿಕವಾಗಿ ಹೇಳುತ್ತಿದೆ. ಕೀಲಿಯ 40 ಚಿಹ್ನೆಯ ಬೆರಳಚ್ಚನ್ನು ಎರಡು ಮೂರು ಕಡೆ ತಾಳೆ ನೋಡುವುದು ನಿಮ್ಮ ಪಾಲಿನ ಕೆಲಸ: ಯೋಜನೆಯ ದಾಖಲೆ ಪುಟ, ಹಿಂದಿನ ಆವೃತ್ತಿಯ ಜೊತೆ ಬಂದ ಕೀಲಿ, ಬೇರೆ ವಿತರಣೆಯ ಕಡತ. ಒಮ್ಮೆ ಮಾಡಿದರೆ ವರ್ಷಗಟ್ಟಲೆ ನಡೆಯುತ್ತದೆ.

ಇದೆಲ್ಲ ಅತಿಯಾಯಿತು ಎನಿಸಿದರೆ ಹ್ಯಾಂಡ್‌ಬ್ರೇಕ್‌ಗೆ ಆದದ್ದನ್ನು ನೋಡಿ. 2017ರ ಮೇ 2ರಿಂದ 6ರವರೆಗೆ ಆ ವಿಡಿಯೊ ತಂತ್ರಾಂಶದ ಒಂದು ಮಿರರ್ ಸರ್ವರಿನಲ್ಲಿ ಮ್ಯಾಕ್ ಆವೃತ್ತಿಯ ಬದಲಿಗೆ ಪ್ರೋಟಾನ್ ಎಂಬ ಕುತಂತ್ರಾಂಶ ಬೆರೆತ ಫೈಲ್ ಕೂತಿತ್ತು. ಆ ಅವಧಿಯಲ್ಲಿ ತಾಣದಿಂದ ನೇರವಾಗಿ ಇಳಿಸಿಕೊಂಡವರಿಗೆ ಕೆಟ್ಟದ್ದು ಸಿಗುವ ಸಾಧ್ಯತೆ ಅರ್ಧಕ್ಕರ್ಧ ಎಂದು ಯೋಜನೆಯವರೇ ತಿಳಿಸಿದರು. 1.0 ಮತ್ತು ನಂತರದ ಆವೃತ್ತಿಗಳೊಳಗಿನ ಅಪ್‌ಡೇಟರ್ ಮೂಲಕ ಬಂದವರು ಮಾತ್ರ ಪಾರಾದರು, ಅದು ಸಹಿ ಪರೀಕ್ಷಿಸದೆ ಏನನ್ನೂ ಒಳಗೆ ಬಿಡುತ್ತಿರಲಿಲ್ಲ.

ಪುಟಕ್ಕೆ ಕಟ್ಟಿದ ಸ್ಕ್ರಿಪ್ಟ್‌ಗಳಿಗೆ ಕಾವಲು

ಇನ್ನು ಜಾಲತಾಣ ಕಟ್ಟುವವರ ಪಾಲು. ಸಬ್‌ರಿಸೋರ್ಸ್ ಇಂಟೆಗ್ರಿಟಿ ಎಂಬ ಸೌಲಭ್ಯ 2016ರ ಜೂನ್‌ನಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಯಿತು. ಇವತ್ತು ಎಲ್ಲ ಮುಖ್ಯ ಬ್ರೌಸರುಗಳೂ ಅದನ್ನು ಅರಿಯುತ್ತವೆ. ಪುಟದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಬರೆಯುವಾಗ ಇಂಟೆಗ್ರಿಟಿ ಎಂಬ ಗುಣದಲ್ಲಿ ಫೈಲಿನ ಹ್ಯಾಶ್ ಬರೆದಿಡುವುದು. ಬಂದ ಫೈಲಿನ ಹ್ಯಾಶ್ ಹೊಂದದಿದ್ದರೆ ಬ್ರೌಸರ್ ಆ ಸ್ಕ್ರಿಪ್ಟನ್ನು ಓಡಿಸುವುದೇ ಇಲ್ಲ. ಬ್ರೌಸ್‌ಅಲೌಡ್‌ಗೆ ಲಿಂಕ್ ಕೊಟ್ಟಿದ್ದ ಪುಟಗಳಲ್ಲಿ ಆ ಒಂದು ಗುಣ ಬರೆದಿದ್ದರೆ ಗಣಿಗಾರಿಕೆ ಶುರುವಾಗುತ್ತಲೇ ಇರಲಿಲ್ಲ.

ಮೊದಲ ಹೆಜ್ಜೆ, ಲಿಂಕ್‌ನಲ್ಲಿ ಆವೃತ್ತಿಯನ್ನು ಪೂರ್ತಿಯಾಗಿ ಬರೆಯಿರಿ. ಲೇಟೆಸ್ಟ್ ಎಂದೋ ಬರೀ 3 ಎಂದೋ ಕೊಟ್ಟ ವಿಳಾಸದಲ್ಲಿ ಮುಂದಿನ ವಾರ ಹೊಸ ಫೈಲ್ ಬಂದು ಕೂರುತ್ತದೆ, ನಿಮ್ಮ ಪುಟ ಮುರಿದು ಬೀಳುತ್ತದೆ. 3.7.1 ಎಂಬಂತೆ ಮೂರೂ ಅಂಕೆ ಇರಲಿ. ಜೆಎಸ್‌ಡೆಲಿವರ್‌ನಂಥ ಸಿಡಿಎನ್‌ಗಳು, ಅಂದರೆ ಫೈಲುಗಳನ್ನು ಹಲವು ಕಡೆಯ ಸರ್ವರುಗಳಿಂದ ಹಂಚುವ ಜಾಲಗಳು, ಮೂಲದಲ್ಲಿಲ್ಲದ ಮಿನ್ ಜೆಎಸ್ ಫೈಲನ್ನು ತಾವೇ ಕುಗ್ಗಿಸಿ ಕೊಡುವುದುಂಟು. ಅಂಥ ಫೈಲುಗಳಿಗೆ ಹ್ಯಾಶ್ ಕಟ್ಟಬೇಡಿ ಎಂದು ಆ ಫೈಲಿನ ತಲೆಯಲ್ಲೇ ಬರೆದಿರುತ್ತದೆ, ಕುಗ್ಗಿಸುವ ತಂತ್ರಾಂಶ ಬದಲಾದರೆ ಬೈಟುಗಳೂ ಬದಲಾಗುತ್ತವೆ. ಆ ಟಿಪ್ಪಣಿ ಓದುವವರು ಕಡಿಮೆ.

ಎರಡನೆಯದು, ಫೈಲನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿ ಹ್ಯಾಶ್ ತೆಗೆಯಿರಿ. ಇಲ್ಲಿ ಬೇಕಾದುದು ಬೇಸ್64. ಓಪನ್‌ಎಸ್‌ಎಸ್‌ಎಲ್ ಇದ್ದರೆ ಎರಡು ತುಂಡಿನ ಆಜ್ಞೆ: ಮೊದಲ ತುಂಡಿನಲ್ಲಿ ಓಪನ್‌ಎಸ್‌ಎಸ್‌ಎಲ್, ನಂತರ ಡಿ-ಜಿ-ಎಸ್-ಟಿ ಎಂಬ ನಾಲ್ಕಕ್ಷರ, ಅಡ್ಡಗೆರೆ ಶಾ384, ಅಡ್ಡಗೆರೆ ಬೈನರಿ, ಫೈಲಿನ ಹೆಸರು. ಆಮೇಲೆ ಪೈಪ್ ಗೆರೆ. ಎರಡನೆಯ ತುಂಡು ಓಪನ್‌ಎಸ್‌ಎಸ್‌ಎಲ್, ಬೇಸ್64, ಅಡ್ಡಗೆರೆ ದೊಡ್ಡ ಎ. ಬೈನರಿ ಎಂಬುದನ್ನು ಮರೆತರೆ ಹದಿನಾರರ ಎಣಿಕೆಯ ಪಠ್ಯವೇ ಬೇಸ್64 ಆಗಿ, ನೋಡಲು ಸರಿ ಎನಿಸುವ ಆದರೆ ಎಂದೂ ಹೊಂದದ ಉದ್ದನೆಯ ಸಾಲು ಬರುತ್ತದೆ. ಶಾ-384 ಆದ್ದರಿಂದ 64 ಚಿಹ್ನೆ ಇದೆಯೇ ಎಂದು ಎಣಿಸಿ ನೋಡುವುದು ಇದಕ್ಕೇ. ಸಿಡಿಎನ್‌ಜೆಎಸ್ ಮುಂತಾದವು ಸಿದ್ಧ ಹ್ಯಾಶನ್ನು ನಕಲು ಗುಂಡಿಯೊಂದಿಗೆ ಕೊಡುತ್ತವೆ. ಅದನ್ನು ಬಳಸಿಕೊಳ್ಳಿ, ಆದರೆ ಲೈಬ್ರರಿಯ ಅಧಿಕೃತ ಪ್ಯಾಕೇಜಿನಿಂದ ಅದೇ ಫೈಲ್ ತೆಗೆದು ನೀವೂ ಒಮ್ಮೆ ಲೆಕ್ಕ ಹಾಕಿ. ಫೈಲನ್ನು ಕೊಡುವವನೇ ಹ್ಯಾಶನ್ನೂ ಕೊಟ್ಟರೆ ಏನಾಗುತ್ತದೆಂದು ಮೇಲೆ ನೋಡಿದೆವಲ್ಲ.

ಮೂರನೆಯದು, ಟ್ಯಾಗಿನಲ್ಲಿ ಬರೆಯುವುದು. ಇಂಟೆಗ್ರಿಟಿ ಗುಣಕ್ಕೆ ಶಾ384, ಒಂದು ಅಡ್ಡಗೆರೆ, ತಕ್ಷಣ ಬೇಸ್64 ಸಾಲು. ನಡುವೆ ಜಾಗ ಬೇಡ. ಫೈಲ್ ಬೇರೆ ಡೊಮೈನಿನದ್ದಾದರೆ ಕ್ರಾಸ್‌ಆರಿಜಿನ್ ಎಂಬ ಗುಣಕ್ಕೆ ಅನಾನಿಮಸ್ ಎಂದೂ ಕೊಡಬೇಕು, ಆ ಕಡೆಯ ಸರ್ವರ್ ಆಕ್ಸೆಸ್-ಕಂಟ್ರೋಲ್-ಅಲೌ-ಆರಿಜಿನ್ ಎಂಬ ಹೆಡರ್ ಕಳಿಸುತ್ತಿರಬೇಕು. ಅದಿಲ್ಲದಿದ್ದರೆ ಹ್ಯಾಶ್ ಸರಿಯಿದ್ದರೂ ಬ್ರೌಸರ್ ಫೈಲನ್ನು ತಡೆಯುತ್ತದೆ. ಬೇರೆ ಡೊಮೈನಿನ ಫೈಲಿನಲ್ಲಿ ಏನಿದೆ ಎಂದು ಹ್ಯಾಶ್ ಊಹಿಸಿ ಊಹಿಸಿ ಕದ್ದು ತಿಳಿಯುವ ದಾರಿಯನ್ನು ಮುಚ್ಚಲು ಮಾಡಿದ ಏರ್ಪಾಡು ಇದು.

ನಾಲ್ಕನೆಯದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು: ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂಬ ಪರೀಕ್ಷೆ. ಹ್ಯಾಶ್‌ನ ನಡುವಿನ ಒಂದು ಅಕ್ಷರವನ್ನು ಬೇಕೆಂದೇ ಬದಲಿಸಿ ಪುಟ ತೆರೆಯಿರಿ. ಸ್ಕ್ರಿಪ್ಟ್ ನಿಲ್ಲಬೇಕು, ಕನ್ಸೋಲಿನಲ್ಲಿ ಕೆಂಪು ಸಾಲು ಬರಬೇಕು. ಇದು ಯಾಕೆಂದರೆ, ಬ್ರೌಸರಿಗೆ ಅರ್ಥವಾಗದ ಹ್ಯಾಶ್ ಬರೆದರೆ ಅದು ಫೈಲನ್ನು ತಡೆಯುವುದಿಲ್ಲ, ಹ್ಯಾಶ್ ಇಲ್ಲವೇ ಇಲ್ಲ ಎಂಬಂತೆ ಓಡಿಸಿಬಿಡುತ್ತದೆ. ಶಾ384 ಎಂಬಲ್ಲಿ ಕೈತಪ್ಪಿ ಶಾ348 ಎಂದಾದರೆ, ಇಲ್ಲವೇ ಎಂಡಿ5 ಎಂದು ಬರೆದರೆ, ಪುಟ ಚೆನ್ನಾಗಿಯೇ ನಡೆಯುತ್ತದೆ, ರಕ್ಷಣೆ ಮಾತ್ರ ಸೊನ್ನೆ.

ಐದನೆಯದು, ತಡೆದ ಮೇಲೆ ಏನು? ಮುಖ್ಯ ಲೈಬ್ರರಿಯೇ ನಿಂತರೆ ಪುಟದಲ್ಲಿ ಒಂದು ಗುಂಡಿಯೂ ಕೆಲಸ ಮಾಡದು. ಅದರ ಇನ್ನೊಂದು ಪ್ರತಿಯನ್ನು ನಿಮ್ಮದೇ ಸರ್ವರಿನಲ್ಲಿಟ್ಟು, ಆನ್‌ಎರರ್ ಬಂದಾಗ ಅದನ್ನು ತರಿಸುವಂತೆ ಬರೆಯಿರಿ. ಪ್ರತಿ ಹೇಗೂ ಇದೆ ಎಂದ ಮೇಲೆ ಹೊರಗಿನ ಲಿಂಕೇ ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ತಾಣಗಳಿಗೆ ಬೇಡವೇ ಬೇಡ.

ಒಂದೇ ಗುಣದಲ್ಲಿ ಜಾಗ ಬಿಟ್ಟು ಎರಡು ಹ್ಯಾಶ್ ಬರೆಯಬಹುದು. ಎರಡೂ ಶಾ-384 ಆದರೆ ಯಾವುದಾದರೊಂದು ಹೊಂದಿದರೆ ಸಾಕು. ಹಳೆಯ ಫೈಲಿನಿಂದ ಹೊಸದಕ್ಕೆ ದಾಟುವ ಹೊತ್ತಿಗೆ ಇದು ಅನುಕೂಲ. ಒಂದು ಶಾ-256, ಇನ್ನೊಂದು ಶಾ-512 ಆದರೆ ಬಲವಾದದ್ದನ್ನು ಮಾತ್ರ ಬ್ರೌಸರ್ ಗಣಿಸುತ್ತದೆ.

ಈ ಕಾವಲಿನ ಎಲ್ಲೆಯೂ ಗೊತ್ತಿರಲಿ. ಸ್ಟೈಲ್‌ಶೀಟಿಗೆ ಹ್ಯಾಶ್ ಕಟ್ಟಿದರೆ ಅದು ಒಳಗೆ ಎಳೆದುಕೊಳ್ಳುವ ಫಾಂಟ್, ಚಿತ್ರ, ಇನ್ನೊಂದು ಸ್ಟೈಲ್‌ಶೀಟ್ ಯಾವುದಕ್ಕೂ ಅದು ಅನ್ವಯಿಸದು. ಸ್ಕ್ರಿಪ್ಟೊಂದು ಓಡುತ್ತ ಓಡುತ್ತ ಇನ್ನೊಂದು ಸ್ಕ್ರಿಪ್ಟನ್ನು ತಂದರೆ ಅದಕ್ಕೂ ಇಲ್ಲ. ಐಫ್ರೇಮ್‌ಗೂ, ಸಾಮಾನ್ಯ ಚಿತ್ರಗಳಿಗೂ, ಓದುಗ ಒತ್ತುವ ಡೌನ್‌ಲೋಡ್ ಲಿಂಕಿಗೂ ಇಂಟೆಗ್ರಿಟಿ ಗುಣ ನಡೆಯುವುದಿಲ್ಲ.

ಹೊಂದಲಿಲ್ಲ, ಈಗೇನು?

ಕ್ರೋಮ್‌ನ ಕನ್ಸೋಲಿನಲ್ಲಿ ಹ್ಯಾಶ್ ಹೊಂದಲಿಲ್ಲ ಎಂಬ ಸಂದೇಶದ ಜೊತೆಗೇ ಬಂದ ಫೈಲಿನ ನಿಜವಾದ ಹ್ಯಾಶ್ ಎಷ್ಟು ಎಂದೂ ಬರೆದಿರುತ್ತದೆ. ಅದನ್ನು ನಕಲು ಮಾಡಿ ಟ್ಯಾಗಿಗೆ ಅಂಟಿಸಿದರೆ ಕೆಂಪು ಸಾಲು ಮಾಯ, ಎಲ್ಲರಿಗೂ ನೆಮ್ಮದಿ. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತು. ಬಂದ ಫೈಲ್ ಯಾವುದೆಂದು ನೋಡದೆ ಅದರದ್ದೇ ಹ್ಯಾಶನ್ನು ಒಪ್ಪಿಕೊಂಡರೆ ಪರೀಕ್ಷೆ ಎಂಬುದು ಉಳಿಯುವುದೇ ಇಲ್ಲ.

ಹೆಚ್ಚಿನ ಸಲ ಕಾರಣ ಸಾಧುವಾದದ್ದೇ. ಮೊದಲು ಫೈಲಿನ ಗಾತ್ರ ನೋಡಿ. ಶಾ-256 ಹ್ಯಾಶ್ ಇ3ಬಿ0ಸಿ442 ಎಂದು ಶುರುವಾಗುತ್ತಿದ್ದರೆ ನಿಮ್ಮ ಕೈಲಿರುವುದು ಬಹುಪಾಲು ಖಾಲಿ ಫೈಲ್. ಏನೂ ಇಲ್ಲದ್ದಕ್ಕೂ ಹ್ಯಾಶ್ ಇದೆ, ಅದರ ಮೊದಲ ಎಂಟು ಚಿಹ್ನೆ ಇವೇ. ಗಾತ್ರ ಕೆಲವೇ ಕಿಲೋಬೈಟ್ ಇದ್ದರೆ ಪಠ್ಯ ಎಡಿಟರಿನಲ್ಲಿ ತೆರೆಯಿರಿ: ಪುಟ ಸಿಗಲಿಲ್ಲ ಎಂಬ ಎಚ್‌ಟಿಎಂಎಲ್ ಸಂದೇಶವೇ ನಿಮ್ಮ ಐಎಸ್‌ಒ ಹೆಸರಿನಲ್ಲಿ ಉಳಿದಿರಬಹುದು. ಆಜ್ಞೆಯಿಂದ ಫೈಲ್ ಇಳಿಸುವ ಕರ್ಲ್ ಎಂಬ ತಂತ್ರಾಂಶದಲ್ಲಿ ಇಳಿಸುವಾಗ ಅಡ್ಡಗೆರೆ ಎಫ್ ಹಾಕಿದರೆ ಇಂಥ ತಪ್ಪು ಪುಟಗಳನ್ನು ಅದು ಉಳಿಸುವುದಿಲ್ಲ, ಅಡ್ಡಗೆರೆ ದೊಡ್ಡ ಎಲ್ ಹಾಕಿದರೆ ಬೇರೆಡೆಗೆ ತಿರುಗಿಸಿದ ವಿಳಾಸದ ಬೆನ್ನು ಹತ್ತಿ ನಿಜವಾದ ಫೈಲ್ ತರುತ್ತದೆ.

ಗಾತ್ರ ಸರಿಸುಮಾರು ಒಂದೇ ಇದ್ದು ಸ್ವಲ್ಪ ಹೆಚ್ಚಿದ್ದರೆ ಸಾಲಿನ ಕೊನೆಯನ್ನು ಶಂಕಿಸಿ. ವಿಂಡೋಸ್‌ನಲ್ಲಿ ಪಠ್ಯದ ಪ್ರತಿ ಸಾಲಿಗೂ ಎರಡು ಬೈಟಿನ ಮುಕ್ತಾಯ, ಲಿನಕ್ಸ್‌ನಲ್ಲಿ ಒಂದು. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ಎಂಬ ತಂತ್ರಾಂಶ ಇದನ್ನು ತಾನಾಗಿ ಬದಲಿಸುವಂತೆ ಹೊಂದಿಸಿದ್ದರೆ ನಿಮ್ಮ ಯಂತ್ರದಲ್ಲಿ ತೆಗೆದ ಹ್ಯಾಶ್ ಸರ್ವರಿನಲ್ಲಿರುವ ಫೈಲಿಗೆ ಹೊಂದದು. ಸಾವಿರ ಸಾಲಿನ ಫೈಲ್ ಸರಿಯಾಗಿ ಸಾವಿರ ಬೈಟ್ ದಪ್ಪಗಾಗಿದ್ದರೆ ಬೇರೆ ಸಾಕ್ಷಿ ಬೇಡ. ಅದಕ್ಕೇ ಹ್ಯಾಶನ್ನು ಸಂಪಾದನೆ ಮಾಡುವ ಯಂತ್ರದಲ್ಲಿ ತೆಗೆಯದೆ, ಸಾರ್ವಜನಿಕ ವಿಳಾಸದಿಂದ ಇಳಿಸಿಕೊಂಡ ಪ್ರತಿಯಿಂದ ತೆಗೆದು ಮೂಲದೊಂದಿಗೆ ಹೋಲಿಸುವುದು ಒಳ್ಳೆಯದು. ನಡುವಿನ ಸಿಡಿಎನ್ ಫೈಲನ್ನು ಕುಗ್ಗಿಸುತ್ತಿದ್ದರೂ ಹೀಗೇ ಆಗುತ್ತದೆ. ಸರ್ವರಿನಿಂದ ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ ನೋ-ಟ್ರಾನ್ಸ್‌ಫಾರ್ಮ್ ಎಂದು ಕಳಿಸಬಹುದು. ಜಿಜಿಪ್ ಮಾಡಿ ಕಳಿಸುವುದರಿಂದ ತೊಂದರೆಯಿಲ್ಲ, ಬಿಡಿಸಿದ ನಂತರವೇ ಬ್ರೌಸರ್ ಹ್ಯಾಶ್ ನೋಡುತ್ತದೆ.

ನಿಮ್ಮದೇ ತಾಣದಲ್ಲಿ ಕೆಲವರಿಗೆ ಮಾತ್ರ ಸ್ಕ್ರಿಪ್ಟ್ ನಿಲ್ಲುತ್ತಿದ್ದರೆ ಅದು ಬಹುತೇಕ ಕ್ಯಾಶ್‌ನ ಆಟ. ಹಳೆಯ ಪುಟ, ಹೊಸ ಫೈಲ್, ಹೆಸರು ಮಾತ್ರ ಒಂದೇ. ಫೈಲ್ ಬದಲಾದಾಗಲೆಲ್ಲ ಹೆಸರೂ ಬದಲಾಗುವಂತೆ ಮಾಡಿ, ಮುಗಿಯಿತು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2023ರ ಜನವರಿಯ ಕೊನೆಗೆ ಗಿಟ್‌ಹಬ್ ತನ್ನ ಗಿಟ್ ಆವೃತ್ತಿಯನ್ನು ಏರಿಸಿತು. ಮೂಲ ಕೋಡಿನಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಆ ಕ್ಷಣಕ್ಕೆ ಕಟ್ಟಿ ಕೊಡುವ ಟಾರ್ ಜಿಜಿಪ್ ಫೈಲುಗಳ ಒತ್ತುವ ವಿಧಾನ ಬದಲಾಗಿ ಹ್ಯಾಶ್‌ಗಳೆಲ್ಲ ಬದಲಾದವು. ಆ ಹ್ಯಾಶ್‌ಗಳನ್ನು ನೆಚ್ಚಿಕೊಂಡಿದ್ದ ಬಿಲ್ಡ್‌ಗಳು ಜಗತ್ತಿನಾದ್ಯಂತ ನಿಂತವು, ಗಿಟ್‌ಹಬ್ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ತಾನಾಗಿ ತಯಾರಾಗುವ ಆರ್ಕೈವಿಗೆ ಹ್ಯಾಶ್ ಕಟ್ಟುವ ಬದಲು ಬಿಡುಗಡೆಯ ಜೊತೆ ಕೈಯಾರೆ ಏರಿಸಿದ ಫೈಲಿಗೆ ಕಟ್ಟುವುದು ಲೇಸು.

ಇದಾವುದೂ ಅಲ್ಲ ಎಂದಾದರೆ ಫೈಲನ್ನು ತೆರೆಯಬೇಡಿ, ಅಳಿಸಲೂಬೇಡಿ. ಬೇರೆ ನೆಟ್‌ವರ್ಕಿನಿಂದ, ಸಾಧ್ಯವಾದರೆ ಬೇರೆ ಮಿರರ್‌ನಿಂದ ಇನ್ನೊಮ್ಮೆ ಇಳಿಸಿ, ಮೊದಲ ಪ್ರತಿಯದ್ದು, ಹೊಸ ಪ್ರತಿಯದ್ದು, ತಾಣ ಕೊಟ್ಟದ್ದು ಹೀಗೆ ಮೂರೂ ಹ್ಯಾಶ್ ಹೋಲಿಸಿ. ಆಗಲೂ ಹೊಂದದಿದ್ದರೆ ಫೈಲ್, ವಿಳಾಸ, ಇಳಿಸಿದ ಹೊತ್ತು, ಬಂದ ಹ್ಯಾಶ್ ಇಷ್ಟನ್ನೂ ಬರೆದು ಯೋಜನೆಯವರಿಗೆ ತಿಳಿಸಿ.

ಹ್ಯಾಶ್ ಕಟ್ಟಲಾಗದ ಲಿಂಕ್‌ಗಳು

ಕೇಳುವ ಬ್ರೌಸರನ್ನು ನೋಡಿ ಬೇರೆ ಬೇರೆ ಫೈಲ್ ಕೊಡುವ ಸೇವೆಗಳಿವೆ. ಗೂಗಲ್ ಫಾಂಟ್ಸ್‌ನ ಸ್ಟೈಲ್‌ಶೀಟ್ ಹಾಗೆ. ಟ್ಯಾಗ್ ಮ್ಯಾನೇಜರುಗಳು, ಜಾಹೀರಾತು ಸ್ಕ್ರಿಪ್ಟ್‌ಗಳು ಹಾಗೆ. ಹಳೆಯ ಬ್ರೌಸರುಗಳಲ್ಲಿಲ್ಲದ ಸೌಲಭ್ಯಗಳನ್ನು ತುಂಬಿಕೊಡುತ್ತಿದ್ದ ಪಾಲಿಫಿಲ್ ಡಾಟ್ ಐಒ ಕೂಡ ಹಾಗೇ ಇತ್ತು: ಹಳೆಯ ಬ್ರೌಸರಿಗೆ ದೊಡ್ಡ ಫೈಲ್, ಹೊಸದಕ್ಕೆ ಸಣ್ಣದು. ಒಂದೇ ಹ್ಯಾಶ್ ಎಲ್ಲರಿಗೂ ಹೊಂದುವ ಮಾತೇ ಇರಲಿಲ್ಲ. 2024ರಲ್ಲಿ ಆ ಡೊಮೈನ್ ಕೈಬದಲಾಯಿತು, ಜೂನ್ ಹೊತ್ತಿಗೆ ಅದು ಕೆಟ್ಟ ಕೋಡ್ ಹಂಚುತ್ತಿರುವುದು ಬಯಲಾಯಿತು. ಲಿಂಕ್ ಕೊಟ್ಟಿದ್ದ ತಾಣಗಳು ಒಂದು ಲಕ್ಷಕ್ಕೂ ಮಿಕ್ಕಿ. ಇಂಥ ಲಿಂಕಿನ ವಿಷಯದಲ್ಲಿ ಎರಡೇ ದಾರಿ. ಬೇಕಾದ ತುಣುಕನ್ನು ನಿಮ್ಮ ಸರ್ವರಿಗೆ ತಂದು ಇಟ್ಟುಕೊಳ್ಳಿ, ಇಲ್ಲವೇ ತೆಗೆದುಹಾಕಿ.

ಹ್ಯಾಶ್ ಹೇಳಲಾಗದ ಇನ್ನೊಂದಿದೆ. 2024ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಹಿಂಬಾಗಿಲನ್ನು ಯೋಜನೆಯೊಳಗೆ ವಿಶ್ವಾಸ ಗಳಿಸಿದ ನಿರ್ವಾಹಕನ ಖಾತೆಯಿಂದಲೇ 5.6.0 ಮತ್ತು 5.6.1ರ ಬಿಡುಗಡೆ ಫೈಲಿನಲ್ಲಿ ಇಡಲಾಗಿತ್ತು. ಹ್ಯಾಶ್ ಸರಿ, ಸಹಿಯೂ ಸರಿ. ಅದನ್ನು ಹಿಡಿದದ್ದು ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಕಳಿಸಿದ ಫೈಲೇ ಬಂದಿದೆ ಎಂದು ಹ್ಯಾಶ್ ಹೇಳುತ್ತದೆ. ಕಳಿಸಿದವರು ಎಂಥವರು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ನೀವೇ ಫೈಲ್ ಹಂಚುವವರಾದರೆ

ಒಮ್ಮೆ ಪ್ರಕಟಿಸಿದ ಹೆಸರಿನ ಮೇಲೆ ಬೇರೆ ಫೈಲ್ ಹಾಕಬೇಡಿ, ಅಕ್ಷರ ತಪ್ಪು ತಿದ್ದಿದರೂ ಆವೃತ್ತಿ ಏರಿಸಿ. ಹ್ಯಾಶ್ ಪಟ್ಟಿಯನ್ನು ಸರ್ವರಿನಲ್ಲಿ ತಯಾರಿಸದೆ, ಫೈಲ್ ಕಟ್ಟಿದ ಯಂತ್ರದಲ್ಲೇ ತಯಾರಿಸಿ ಅಲ್ಲೇ ಸಹಿ ಹಾಕಿ. ಎಂಡಿ5 ಜೊತೆಗಿರಲಿ ಎಂದು ಸೇರಿಸುವ ಅಭ್ಯಾಸ ಬಿಡಿ, ಓದುಗ ಸಣ್ಣದನ್ನೇ ಆರಿಸಿಕೊಳ್ಳುತ್ತಾನೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರಿಸುವ ಎನ್‌ಪಿಎಂ ಬಳಸುವವರ ಲಾಕ್ ಫೈಲಿನಲ್ಲಿ ಇಂಟೆಗ್ರಿಟಿ ಎಂಬ ಹೆಸರಿನಲ್ಲೇ ಶಾ-512 ಹ್ಯಾಶ್‌ಗಳು ಈಗಾಗಲೇ ಇವೆ. ಆ ಫೈಲನ್ನು ರೆಪೊಸಿಟರಿಗೆ ಸೇರಿಸಿ, ಬಿಲ್ಡ್ ಯಂತ್ರದಲ್ಲಿ ಇನ್‌ಸ್ಟಾಲ್ ಬದಲು ಸಿಐ ಎಂಬ ಉಪ ಆಜ್ಞೆ ಬಳಸಿ. ಪೈಥಾನಿನ ಪಿಪ್‌ಗೆ ರಿಕ್ವೈರ್-ಹ್ಯಾಶಸ್ ಎಂಬ ಆಯ್ಕೆ ಇದೆ.

ಪ್ರಕಟಿಸಿದ ಮೇಲೂ ಕಣ್ಣಿಟ್ಟಿರಿ. ಸರ್ವರಿಗೆ ಸಂಬಂಧವಿಲ್ಲದ ಒಂದು ಯಂತ್ರದಲ್ಲಿ ಹೇಳಿದ ಹೊತ್ತಿಗೆ ತಾನಾಗಿ ನಡೆಯುವ ಕ್ರಾನ್ ಕೆಲಸವೊಂದನ್ನು ಹಚ್ಚಿ: ದಿನಕ್ಕೊಮ್ಮೆ ಸಾರ್ವಜನಿಕ ಲಿಂಕಿನಿಂದಲೇ ಫೈಲ್ ಇಳಿಸಿ, ನೀವು ಬರೆದಿಟ್ಟ ಹ್ಯಾಶ್‌ಗೆ ಹೊಂದದಿದ್ದರೆ ಮೇಲ್ ಕಳಿಸಲಿ. ಹೊರಗಿನ ಸ್ಕ್ರಿಪ್ಟ್‌ಗಳನ್ನು ಬಳಸುತ್ತಿದ್ದರೆ ಅವನ್ನೂ ಅದೇ ಪಟ್ಟಿಗೆ ಸೇರಿಸಿ. ಪಾಲಿಫಿಲ್‌ನ ಕೆಟ್ಟ ಕೋಡ್ ಕೆಲವು ಮೊಬೈಲ್‌ಗಳಲ್ಲಿ, ಕೆಲವು ಗಂಟೆಗಳಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಹಾಗಾಗಿ ಆ ಕೆಲಸ ದಿನವೂ ಒಂದೇ ಹೊತ್ತಿಗೆ ನಡೆಯದಿರಲಿ, ಕರ್ಲ್‌ನ ಅಡ್ಡಗೆರೆ ದೊಡ್ಡ ಎ ಆಯ್ಕೆಯಿಂದ ಒಮ್ಮೆ ಕಂಪ್ಯೂಟರಿನ ಬ್ರೌಸರಿನ ಹೆಸರು, ಒಮ್ಮೆ ಫೋನಿನದ್ದು ಹೇಳಿ ಎರಡು ಸಲ ಇಳಿಸಲಿ.